ರೈಡಿಂಗ್ ಜಾಕೆಟ್‌ಗೆ ಪ್ಯಾಚ್ ಹೊಲಿಯುವುದು ಹೇಗೆ?

ಲಡಾಖ್‌ಗೆ ಹೋಗಿ ಬಂದವರ ಬ್ಯಾಗಿನಲ್ಲಿ ಲೇಹ್ ಬಜಾರಿನಲ್ಲಿ ಕೊಂಡ ಒಂದು ಹಿಡಿ ಪ್ಯಾಚ್ (ಚಿತ್ರ, ಹೆಸರು ಇರುವ, ಬಟ್ಟೆಗೆ ಹಚ್ಚುವ ಬಿಲ್ಲೆ) ಇದ್ದೇ ಇರುತ್ತದೆ. ಕ್ಲಬ್ಬಿನವರು ಹೊಸ ಲಾಂಛನ ಮಾಡಿಸಿ ಹಂಚಿರುತ್ತಾರೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸಾಕೇ? ಲೆದರ್ ಜಾಕೆಟ್‌ಗೆ ಸೂಜಿ ಹಾಕಬಹುದೇ? ಹೊಲಿಸಿದ ಮೇಲೆ ಮಳೆನೀರು ಒಳಗೆ ಬರುತ್ತಿದೆ, ಏನು ಮಾಡಲಿ? ಮೆಶ್ ಜಾಕೆಟ್ ಇಸ್ತ್ರಿ ಬಿಸಿಗೆ ಸುಕ್ಕುಗಟ್ಟಿತು, ಸರಿಯಾಗುತ್ತದೆಯೇ?

ಕೊನೆಯದಕ್ಕೆ ಉತ್ತರ ‘ಇಲ್ಲ’. ಉಳಿದವಕ್ಕೆ ಈ ಲೇಖನ.

ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡು ಓದಿ. ಬೈಕ್‌ನಿಂದ ಬಿದ್ದು ಡಾಂಬರಿನ ಮೇಲೆ ಜಾರುವಾಗ ನಿಮ್ಮ ಮೈಚರ್ಮಕ್ಕೂ ರಸ್ತೆಗೂ ನಡುವೆ ಇರುವುದು ಆ ಜಾಕೆಟ್ ಮಾತ್ರ. ಅದಕ್ಕೆ ಹಾಕುವ ಪ್ರತಿಯೊಂದು ತೂತಿಗೂ ಒಂದು ಕಾರಣ ಇರಬೇಕು, ಆ ತೂತು ಸರಿಯಾದ ಜಾಗದಲ್ಲಿರಬೇಕು.

ಮೊದಲು ಜಾಕೆಟ್ ಯಾವ ಬಗೆಯದೆಂದು ತಿಳಿಯಿರಿ

ಕಾಲರಿನ ಕೆಳಗೆ ಅಥವಾ ಒಳಜೇಬಿನ ಪಕ್ಕದಲ್ಲಿರುವ ಚೀಟಿ ಓದಿ. ಬಟ್ಟೆ ಯಾವುದು, ಇಸ್ತ್ರಿ ಮಾಡಬಹುದೇ ಎನ್ನುವುದು ಅಲ್ಲಿರುತ್ತದೆ. ಇಸ್ತ್ರಿ ಪೆಟ್ಟಿಗೆಯ ಚಿತ್ರಕ್ಕೆ ಅಡ್ಡಗೀಟು ಎಳೆದಿದ್ದರೆ ಬಿಸಿ ತಾಕಿಸಲೇಬಾರದು. ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ 110 ಡಿಗ್ರಿ ಸೆಲ್ಸಿಯಸ್, ಎರಡಿದ್ದರೆ 150, ಮೂರಿದ್ದರೆ 200ರವರೆಗೆ ತಡೆಯುತ್ತದೆ ಎಂದರ್ಥ. ‘ಇಎನ್ 17092’ ಎಂಬ ಗುರುತಿದ್ದರೆ ಅದು ಯುರೋಪಿನ ಸುರಕ್ಷತಾ ಮಾನದಂಡದಂತೆ ಪರೀಕ್ಷೆಯಾದ ಜಾಕೆಟ್. ಪಕ್ಕದಲ್ಲಿರುವ ಎಎಎ, ಎಎ, ಎ ಎಂಬ ದರ್ಜೆಗಳು ಉಜ್ಜುವಿಕೆ, ಹರಿಯುವಿಕೆ ಮತ್ತು ಹೊಲಿಗೆಯ ಬಲವನ್ನು ಸೂಚಿಸುತ್ತವೆ. ಅಂಥ ಜಾಕೆಟ್‌ನ ಮೂಲ ಹೊಲಿಗೆಯನ್ನು, ಅಂದರೆ ಎರಡು ತುಂಡು ಸೇರುವ ಗೆರೆಯನ್ನು, ಪ್ಯಾಚ್ ಹಚ್ಚುವ ನೆಪದಲ್ಲಿ ಬಿಚ್ಚಬೇಡಿ.

ಲೆದರ್: ರೈಡಿಂಗ್ ಜಾಕೆಟ್‌ನ ಹಸುವಿನ ಚರ್ಮ ಸಾಮಾನ್ಯವಾಗಿ 1ರಿಂದ 1.3 ಮಿಲಿಮೀಟರ್ ದಪ್ಪ. ಇಲ್ಲಿ ಸೂಜಿ ಮಾಡಿದ ತೂತು ಶಾಶ್ವತ. ಬಟ್ಟೆಯಂತೆ ಎಳೆಗಳು ಸರಿದು ಮತ್ತೆ ಕೂಡಿಕೊಳ್ಳುವುದಿಲ್ಲ.

ಟೆಕ್ಸ್‌ಟೈಲ್: 500 ಅಥವಾ 600 ಡೆನಿಯರ್‌ನ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ಡೆನಿಯರ್ ಎಂದರೆ 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮ್ ಎಂಬ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಎಳೆ ದಪ್ಪ. ಇವುಗಳ ತಲೆನೋವು ಒಳಗಿನ ಜಲನಿರೋಧಕ ಪೊರೆಯದು. ಅದನ್ನು ಮುಂದೆ ವಿವರವಾಗಿ ನೋಡೋಣ.

ಮೆಶ್: ಗಾಳಿಯಾಡುವ ಜಾಲರಿ ಜಾಕೆಟ್. ನಮ್ಮ ಬಿಸಿಲಿಗೆ ಹೆಚ್ಚಿನವರು ಹಾಕುವುದು ಇದನ್ನೇ, ಪ್ಯಾಚ್‌ಗೆ ಅತಿ ಕಷ್ಟದ್ದೂ ಇದೇ. ಜಾಲರಿಯ ಮೇಲೆ ಹೊಲಿದರೆ ಗಾಳಿ ನಿಲ್ಲುತ್ತದೆ, ಹೊಲಿಗೆಗೆ ಹಿಡಿತ ಸಿಗದೆ ಜಾಲರಿ ಹಿಗ್ಗುತ್ತದೆ. ಭುಜ, ತೋಳಿನ ಹೊರಬದಿ, ಎದೆಯ ಮೇಲ್ಭಾಗದಲ್ಲಿ ಇರುವ ಗಟ್ಟಿ ಬಟ್ಟೆಯ ತುಂಡಿಗೆ ಮಾತ್ರ ಹೊಲಿಯಿರಿ.

ಡೆನಿಮ್: ಎಲ್ಲಕ್ಕಿಂತ ಸುಲಭ. ಏಳೆಂಟು ಪ್ಯಾಚ್‌ಗಿಂತ ಹೆಚ್ಚು ಹಚ್ಚುವ ಆಸೆಯಿದ್ದರೆ ನಮ್ಮ ಸಲಹೆ ಸ್ಪಷ್ಟ: ರೈಡಿಂಗ್ ಜಾಕೆಟ್ ಬಿಟ್ಟುಬಿಡಿ. ಅದರ ಮೇಲೆ ಹಾಕಿಕೊಳ್ಳುವಂಥ, ಒಂದು ಸೈಜ್ ದೊಡ್ಡದಾದ, ತೋಳಿಲ್ಲದ ಡೆನಿಮ್ ವೆಸ್ಟ್ ಮಾಡಿಸಿ ಎಲ್ಲವನ್ನೂ ಅದಕ್ಕೇ ಹೊಲಿಯಿರಿ. ಜಾಕೆಟ್ ಬದಲಾದರೂ ವೆಸ್ಟ್ ಉಳಿಯುತ್ತದೆ, ಒಗೆಯುವುದೂ ಸುಲಭ.

ಪ್ಯಾಚ್ ಕೊಳ್ಳುವಾಗ, ಮಾಡಿಸುವಾಗ

ಮೆಷಿನ್ ಕಸೂತಿಯ ಪ್ಯಾಚ್ ಹೆಚ್ಚು ಬಾಳುತ್ತದೆ. ಅಂಚನ್ನು ನೋಡಿ: ದಪ್ಪ ದಾರವನ್ನು ಸುತ್ತಲೂ ಹೊದಿಸಿ ಹಗ್ಗದಂತೆ ಉಬ್ಬಿದ್ದರೆ ಅದು ಮೆರೋ ಅಂಚು. ಹೊಲಿಯಲು ಅದೇ ಒಳ್ಳೆಯದು, ಏಕೆಂದರೆ ಆ ಉಬ್ಬಿನ ಒಳಬದಿಯ ಸಣ್ಣ ತಗ್ಗಿನಲ್ಲಿ ಹೊಲಿಗೆ ಅಡಗಿ ಕೂರುತ್ತದೆ. ಬಿಸಿಯಿಂದ ಕತ್ತರಿಸಿದ ಚಪ್ಪಟೆ ಅಂಚು ಕ್ಲಿಷ್ಟ ಆಕಾರಗಳಿಗೆ ಬೇಕಾಗುತ್ತದೆ, ಆದರೆ ಹೊಲಿಗೆ ಎದ್ದು ಕಾಣುತ್ತದೆ. ರಬ್ಬರಿನಂಥ ಪಿವಿಸಿ ಪ್ಯಾಚ್‌ಗಳಿಗೆ ಅಂಚಿನಲ್ಲಿ ಹೊಲಿಗೆಗೆಂದೇ ತೋಡು ಇರುತ್ತದೆ. ಅದಿಲ್ಲದವನ್ನು ಕೊಳ್ಳಬೇಡಿ.

ಮಾಡಿಸುವವರು ಪಾಲಿಯೆಸ್ಟರ್ ದಾರವನ್ನೇ ಕೇಳಿ. ರೇಯಾನ್ ದಾರ ಹೆಚ್ಚು ಹೊಳೆಯುತ್ತದೆ ನಿಜ, ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಹಿಂಬದಿ ಹೇಗಿರಬೇಕೆಂದು ಕೇಳಿದರೆ ‘ಹೊಲಿಯುವ ಬಗೆ’ ಎನ್ನಿ. ಇಸ್ತ್ರಿಗೆ ಕರಗುವ ಗೋಂದು ಬಳಿದ ಪ್ಯಾಚ್ ಗಡುಸಾಗಿರುತ್ತದೆ, ಸೂಜಿಗೂ ಅಂಟುತ್ತದೆ.

ಕನ್ನಡ ಅಕ್ಷರ ಹಾಕಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಸೂತಿಗೆ ಬಳಸುವ ದಾರದ ಅಗಲವೇ ಸುಮಾರು 0.4 ಮಿಲಿಮೀಟರ್. ಇಂಗ್ಲಿಷ್ ದೊಡ್ಡಕ್ಷರ 5 ಮಿಲಿಮೀಟರ್ ಎತ್ತರದಲ್ಲೂ ಓದಲು ಬರುತ್ತದೆ. ಕನ್ನಡಕ್ಕೆ ಅದು ಸಾಲದು. ‘ಕ್ಷ’ದ ಹೊಟ್ಟೆ, ‘ಥ’ದ ಚುಕ್ಕೆ, ಒತ್ತಕ್ಷರದ ಸುರುಳಿ ಎಲ್ಲ ಮುಚ್ಚಿಹೋಗಿ ದಾರದ ಗಂಟಿನಂತೆ ಕಾಣುತ್ತವೆ. ಒತ್ತಕ್ಷರ ಬಿಟ್ಟು ಮೂಲಾಕ್ಷರವೇ ಕನಿಷ್ಠ 10 ಮಿಲಿಮೀಟರ್ ಇರಲಿ, ಸಾಲಿನ ಕೆಳಗೆ ಒತ್ತಿಗೆಂದು ಇನ್ನೂ 5 ಮಿಲಿಮೀಟರ್ ಬಿಡಿ.

ಇನ್ನೊಂದು ಅಪಾಯ ಕಂಪ್ಯೂಟರಿನದು. ಚಿತ್ರವನ್ನು ಹೊಲಿಗೆಯ ದಾರಿಯಾಗಿ ಪರಿವರ್ತಿಸುವುದಕ್ಕೆ ಡಿಜಿಟೈಸಿಂಗ್ ಎನ್ನುತ್ತಾರೆ. ಆ ತಂತ್ರಾಂಶಗಳಲ್ಲಿ ಕನ್ನಡವನ್ನು ನೇರ ಟೈಪ್ ಮಾಡಿದರೆ ಒತ್ತಕ್ಷರ ಒಡೆಯುವುದುಂಟು. ‘ಕರ್ನಾಟಕ’ದ ಅರ್ಕಾವತ್ತು ಹೋಗಿ ‘ಕರ್‌ನಾಟಕ’ ಆಗಿ ಬರುತ್ತದೆ, ಹೊಲಿಯುವವರಿಗೆ ಕನ್ನಡ ಓದಲು ಬಾರದಿದ್ದರೆ ಯಾರೂ ಗಮನಿಸುವುದಿಲ್ಲ. ಆದ್ದರಿಂದ ಅಕ್ಷರಗಳನ್ನು ಟೈಪಾಗಿ ಕಳಿಸದೆ ರೇಖಾಚಿತ್ರವಾಗಿ ಪರಿವರ್ತಿಸಿ ಕಳಿಸಿ. ಐವತ್ತು ಪ್ಯಾಚ್ ಹೊಲಿಯುವ ಮೊದಲು ಒಂದನ್ನು ಹೊಲಿದು ಫೋಟೊ ಕಳಿಸಲು ಹೇಳಿ, ಒಂದೊಂದೇ ಅಕ್ಷರ ಓದಿ ಒಪ್ಪಿಗೆ ಕೊಡಿ.

ಅಳತೆ: ಎದೆಗೆ 75ರಿಂದ 90 ಮಿಲಿಮೀಟರ್, ತೋಳಿಗೆ 75, ಬೆನ್ನಿಗೆ 250ರಿಂದ 300. ತೋಳಿಗೆ ಇದಕ್ಕಿಂತ ದೊಡ್ಡದು ಹಾಕಿದರೆ ಸುತ್ತು ತಿರುಗಿ ಅರ್ಧ ಪ್ಯಾಚ್ ಕಾಣುವುದೇ ಇಲ್ಲ.

ಅಂಗಡಿಯಲ್ಲಿ ಕೊಳ್ಳುವ ಪ್ರವಾಸದ ಪ್ಯಾಚ್‌ಗಳಲ್ಲಿ ಬರೆದದ್ದನ್ನೂ ಓದಿ. ಖರ್ದುಂಗ್ ಲಾ ಪ್ಯಾಚ್‌ಗಳು ಅಲ್ಲಿನ ಹಳೆಯ ಬೋರ್ಡಿನಂತೆ 18,380 ಅಡಿ ಎನ್ನುತ್ತವೆ. ಜಿಪಿಎಸ್ ಅಳತೆಯಲ್ಲಿ ಲಡಾಖ್‌ನ ಆ ಕಣಿವೆಹಾದಿ 5,359 ಮೀಟರ್, ಅಂದರೆ ಸುಮಾರು 17,582 ಅಡಿ. ಗಡಿ ರಸ್ತೆ ಸಂಸ್ಥೆ ಉಮ್ಲಿಂಗ್ ಲಾದಲ್ಲಿ ಹಾಕಿದ ರಸ್ತೆ 19,024 ಅಡಿ ಎತ್ತರದ್ದು. ಹೀಗಿರುವಾಗ ಖರ್ದುಂಗ್ ಲಾ ಪ್ಯಾಚ್‌ನಲ್ಲಿ ‘ಜಗತ್ತಿನ ಅತಿ ಎತ್ತರದ ರಸ್ತೆ’ ಎಂದಿದ್ದರೆ ಅದನ್ನು ಬೆನ್ನಿಗೆ ಹೊತ್ತು ತಿರುಗುವುದು ಬೇಡ.

ಬೇಕಾಗುವ ಸಾಮಾನು

ದಾರ: ಟೆಕ್ಸ್ 70ರ ಬಾಂಡೆಡ್ ಪಾಲಿಯೆಸ್ಟರ್, ಕೈಹೊಲಿಗೆಗೆ. ಟೆಕ್ಸ್ 70 ಎಂದರೆ 1,000 ಮೀಟರ್ ದಾರ 70 ಗ್ರಾಮ್ ತೂಗುತ್ತದೆ. ಬಾಂಡೆಡ್ ಎಂದರೆ ಎಳೆಗಳು ಬಿಡಿಯಾಗದಂತೆ ಮೇಲೆ ಲೇಪ ಕೊಟ್ಟದ್ದು. ಅಂಗಿ ಹೊಲಿಯುವ ಮಾಮೂಲಿ ದಾರ ಟೆಕ್ಸ್ 30ರ ಆಸುಪಾಸು, ಅದು ಇಲ್ಲಿ ತಡೆಯುವುದಿಲ್ಲ. ಮನೆಯ ಮೆಷಿನ್‌ಗೆ ಟೆಕ್ಸ್ 70 ಭಾರವಾಗುತ್ತದೆ, ಟೆಕ್ಸ್ 40 ತೆಗೆದುಕೊಳ್ಳಿ. ನೈಲಾನ್ ದಾರ ಗಟ್ಟಿ, ಆದರೆ ಬಿಸಿಲು ತಡೆಯುವುದರಲ್ಲಿ ಪಾಲಿಯೆಸ್ಟರ್ ಮುಂದು. ಲೆದರ್‌ಗೆ ಹತ್ತಿ ದಾರ ಬೇಡವೇ ಬೇಡ: ಚರ್ಮ ಹದಮಾಡಿದ ರಾಸಾಯನಿಕವೂ ಬೆವರೂ ಸೇರಿ ಅದನ್ನು ಒಳಗೊಳಗೇ ಕೊಳೆಸುತ್ತವೆ.

ಸೂಜಿ: ಇದರಲ್ಲೇ ಹೆಚ್ಚಿನವರು ಎಡವುವುದು. ಲೆದರ್ ಸೂಜಿಯ ತುದಿ ಮೂರು ಅಂಚಿನ ಪುಟ್ಟ ಚಾಕುವಿನಂತಿರುತ್ತದೆ, ಚರ್ಮವನ್ನು ಕೊಯ್ದುಕೊಂಡು ಹೋಗುತ್ತದೆ. ಅದೇ ಸೂಜಿಯನ್ನು ನೈಲಾನ್ ಬಟ್ಟೆಗೆ ಹಾಕಿದರೆ ಎಳೆಗಳನ್ನೇ ಕತ್ತರಿಸುತ್ತದೆ, ಕೆಲವು ದಿನಗಳಲ್ಲಿ ಹೊಲಿಗೆಯ ಉದ್ದಕ್ಕೂ ಬಟ್ಟೆ ಬಾಯಿಬಿಡುತ್ತದೆ. ಲೆದರ್‌ಗೆ ಲೆದರ್ ಸೂಜಿ, ಟೆಕ್ಸ್‌ಟೈಲ್ ಮತ್ತು ಡೆನಿಮ್‌ಗೆ ಜೀನ್ಸ್ ಸೂಜಿ. ಮೆಷಿನ್‌ನಲ್ಲಿ ಎರಡಕ್ಕೂ 100/16 ಅಳತೆ. ಐದು ಸೂಜಿಯ ಒಂದು ಪೊಟ್ಟಣ ಇಟ್ಟುಕೊಳ್ಳಿ, ಒಂದೆರಡು ಮುರಿಯುವುದು ಖಂಡಿತ.

ಇವಲ್ಲದೆ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ, ಸೂಜಿ ಎಳೆಯಲು ಸಣ್ಣ ಇಕ್ಕಳ, ಜೇನುಮೇಣದ ತುಂಡು, 6 ಮಿಲಿಮೀಟರ್ ಅಗಲದ ಎರಡು ಬದಿ ಅಂಟುವ ಟೇಪ್, ಕಾಗದ ಹಿಡಿಯುವ ಕ್ಲಿಪ್‌ಗಳು, ಟೈಲರ್ ಚಾಕ್, ಹೊಲಿಗೆ ಬಿಚ್ಚುವ ಕೊಕ್ಕೆ. ಬೆಂಗಳೂರಿನವರಿಗೆ ಇಷ್ಟೂ ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ದಪ್ಪ ದಾರ ಮಾತ್ರ ಸೀಟ್ ಕವರ್ ಹೊಲಿಯುವವರ ಬಳಿ ವಿಚಾರಿಸುವುದು ಸುಲಭ.

ಹಂತ 1: ಬಣ್ಣ ಬಿಡುತ್ತದೆಯೇ ನೋಡಿ

ಪ್ಯಾಚನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ನೀರು ಬದಲಿಸಿ ಮತ್ತೆ ನೆನೆಸಿ. ಮೂರು ಸಲ ಮಾಡಿದ ಮೇಲೂ ಬಿಡುತ್ತಿದ್ದರೆ ಆ ಪ್ಯಾಚ್ ಬೇಡ. ಅರಿಶಿನ-ಕುಂಕುಮ ಬಣ್ಣದ ಬಾವುಟದ ಪ್ಯಾಚ್‌ನಲ್ಲಿ ಕೆಂಪು ಇಳಿದು ಹಳದಿಯನ್ನು ಕಿತ್ತಳೆ ಮಾಡುವುದು ಮೊದಲ ಮಳೆಯಲ್ಲೇ.

ಹಂತ 2: ಗಾರ್ಡ್‌ಗಳನ್ನು ತೆಗೆದು, ಬೈಕ್ ಮೇಲೆ ಕೂತು ಜಾಗ ಗುರುತಿಸಿ

ಬಿದ್ದಾಗ ಪೆಟ್ಟು ತಡೆಯುವ ಭುಜ, ಮೊಣಕೈ, ಬೆನ್ನಿನ ಗಾರ್ಡ್‌ಗಳು ಎಲ್ಲೆಲ್ಲಿವೆ ಎಂದು ಹೊರಗಿನಿಂದ ಚಾಕ್‌ನಲ್ಲಿ ಗೆರೆ ಎಳೆದುಕೊಂಡು, ಆಮೇಲೆ ಅವನ್ನು ಹೊರತೆಗೆಯಿರಿ. ಗಾರ್ಡ್ ಕೂರುವ ಒಳಜೇಬಿಗೆ ಹೊಲಿಗೆ ಬಿದ್ದರೆ ಮತ್ತೆ ಗಾರ್ಡ್ ಹಾಕಲು ಆಗುವುದಿಲ್ಲ. ಗಾರ್ಡ್ ಇಲ್ಲದೆ ಓಡಿಸಲು ಶುರುಮಾಡಿದಿರೋ, ಪ್ಯಾಚ್‌ಗೆ ಕೊಟ್ಟ ಬೆಲೆ ತುಂಬಾ ದುಬಾರಿಯಾಯಿತು.

ಪ್ಯಾಚ್‌ನ ಅಳತೆಗೆ ಕಾಗದ ಕತ್ತರಿಸಿ, ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್‌ನಿಂದ ಅಂಟಿಸಿ, ಜಾಕೆಟ್ ಹಾಕಿಕೊಂಡು ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಇನ್ನೊಬ್ಬರು ನೋಡಲಿ. ಮೇಜಿನ ಮೇಲೆ ಹರಡಿದಾಗ ನಡುಮಧ್ಯದಲ್ಲಿದ್ದ ಬೆನ್ನಿನ ಪ್ಯಾಚ್ ಕೈ ಮುಂದಕ್ಕೆ ಚಾಚಿದಾಗ ಮೇಲೆ ಸರಿದಿರುತ್ತದೆ, ಬಟ್ಟೆ ಅಗಲಕ್ಕೆ ಹಿಗ್ಗಿರುತ್ತದೆ. ಕಾಗದ ಹರಿದರೆ ಅಥವಾ ಬಿಗಿದರೆ ಅದು ಎಚ್ಚರಿಕೆ: ಕಸೂತಿ ಪ್ಯಾಚ್ ಹಿಗ್ಗುವುದಿಲ್ಲ, ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಬೆನ್ನಿನಲ್ಲಿ ಹಿಗ್ಗಲೆಂದೇ ಮಡಿಕೆ ಅಥವಾ ಅಕಾರ್ಡಿಯನ್ ಹೊಲಿಗೆ ಕೊಟ್ಟಿರುವ ಜಾಕೆಟ್ ಇದ್ದರೆ ಅದರ ಮೇಲೆ ಪ್ಯಾಚ್ ಹಾಯಬಾರದು.

ಪ್ಯಾಚ್‌ನ ಅಂಚು ಮೂಲ ಹೊಲಿಗೆಯಿಂದ ಕನಿಷ್ಠ 12 ಮಿಲಿಮೀಟರ್, ಜಿಪ್‌ನಿಂದ 25 ಮಿಲಿಮೀಟರ್ ದೂರವಿರಲಿ. ರಾತ್ರಿ ಹೊಳೆಯುವ ಪಟ್ಟಿಯನ್ನು ಮುಚ್ಚಬೇಡಿ. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನೀವು ಕಾಣುವುದು ಅದರಿಂದಲೇ. ನೀರಿನ ಬ್ಯಾಗ್ ಹೊರುವವರು ಅದರ ಪಟ್ಟಿ ಎಲ್ಲಿ ಉಜ್ಜುತ್ತದೆಂದು ನೋಡಿಕೊಳ್ಳಿ.

ಗುರುತು ಹಾಕಲು ಬಾಲ್‌ಪೆನ್ ಬೇಡ. ಲೆದರ್‌ಗೆ ಹತ್ತಿದ ಶಾಯಿ ಹೋಗುವುದಿಲ್ಲ.

ಹಂತ 3: ಒಳಗಿನ ಪೊರೆ ಎಲ್ಲಿದೆ ಪತ್ತೆಮಾಡಿ

ಮಳೆ ತಡೆಯುವ ಜಾಕೆಟ್‌ಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಪೊರೆ ಜಿಪ್ ಬಿಚ್ಚಿ ಹೊರತೆಗೆಯುವ ಒಳಪದರವಾಗಿರುತ್ತದೆ. ತೆಗೆದಿಟ್ಟು ಧೈರ್ಯವಾಗಿ ಹೊಲಿಯಿರಿ. ಎರಡನೆಯದರಲ್ಲಿ ಹೊರಬಟ್ಟೆಗೂ ಅಸ್ತರಿಗೂ ನಡುವೆ ಪೊರೆ ಸಡಿಲವಾಗಿ ತೂಗುತ್ತದೆ. ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದರೆ ಒಳಗೆ ಸರಸರ ಸದ್ದು, ಜಾರುವ ಪದರ ಗೊತ್ತಾಗುತ್ತದೆ. ಮೂರನೆಯದು ಲ್ಯಾಮಿನೇಟ್: ಪೊರೆ ಹೊರಬಟ್ಟೆಯ ಬೆನ್ನಿಗೇ ಅಂಟಿರುತ್ತದೆ, ಉಜ್ಜಿದರೆ ಪದರಗಳು ಬೇರೆಯಾಗಿ ಜಾರುವುದಿಲ್ಲ.

ಲ್ಯಾಮಿನೇಟ್‌ಗೆ ಸೂಜಿ ಹಾಕಬೇಡಿ. 75 ಮಿಲಿಮೀಟರ್‌ನ ಗುಂಡು ಪ್ಯಾಚ್‌ನ ಸುತ್ತಳತೆ ಸುಮಾರು 236 ಮಿಲಿಮೀಟರ್. 3 ಮಿಲಿಮೀಟರ್‌ಗೊಂದು ಹೊಲಿಗೆ ಎಂದರೆ ಹತ್ತಿರ ಹತ್ತಿರ 80 ತೂತು. ಆಗುಂಬೆಯ ಮಳೆಗೆ ಒಂದೇ ತೂತು ಸಾಕು.

ಹಂತ 4: ಅಸ್ತರಿ ಬಿಚ್ಚಿ

ಹೊರಬಟ್ಟೆಗೆ ಮಾತ್ರ ಹೊಲಿಗೆ ಬೀಳಬೇಕು. ಅಸ್ತರಿಯನ್ನೂ ಸೇರಿಸಿ ಹೊಲಿದರೆ ಎರಡೂ ಒಟ್ಟಿಗೆ ಎಳೆದು ಸುಕ್ಕುಬೀಳುತ್ತದೆ, ಒಳಜೇಬು ಮುಚ್ಚಿಹೋಗುತ್ತದೆ, ಗಂಟುಗಳು ಮೈಗೆ ತಾಗುತ್ತವೆ. ಜಾಕೆಟ್‌ನ ಕೆಳ ಅಂಚಿನ ಒಳಭಾಗದಲ್ಲಿ ಅಸ್ತರಿ ಸೇರುವ ಹೊಲಿಗೆಯನ್ನು 20ರಿಂದ 25 ಸೆಂಟಿಮೀಟರ್ ಬಿಚ್ಚಿದರೆ ಕೈ ಬೆನ್ನಿನವರೆಗೂ ಹೋಗುತ್ತದೆ. ತೋಳಿಗಾದರೆ ತೋಳಿನ ಅಸ್ತರಿಯ ಒಳಹೊಲಿಗೆಯಲ್ಲಿ 15 ಸೆಂಟಿಮೀಟರ್. ಇದು ಬಲ ಹೊರುವ ಹೊಲಿಗೆಯಲ್ಲ, ಕೆಲಸ ಮುಗಿದ ಮೇಲೆ ಕೈಯಲ್ಲೇ ಮುಚ್ಚಬಹುದು. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಹೊಲಿಯುವಾಗ ಪೊರೆ ಮತ್ತು ಅಸ್ತರಿ ಮಧ್ಯೆ ಬಾರದಂತೆ ಒಳಗೊಂದು ತೆಳು ಪ್ಲಾಸ್ಟಿಕ್ ಹಲಗೆ ತೂರಿಸಿ. ಮನೆಯ ಹಳೆಯ ಫೈಲ್‌ನ ರಟ್ಟು ಸಾಕು. ಸೂಜಿ ಅದಕ್ಕೆ ತಾಗಿದರೆ ಕೈಗೆ ಗೊತ್ತಾಗುತ್ತದೆ.

ಹಂತ 5: ಜಾರದಂತೆ ಹಿಡಿಸಿ

ಎರಡು ಬದಿ ಟೇಪನ್ನು ಪ್ಯಾಚ್‌ನ ನಡುಭಾಗಕ್ಕೆ ಮಾತ್ರ ಹಚ್ಚಿ. ಅಂಚಿನಿಂದ 10 ಮಿಲಿಮೀಟರ್ ಒಳಗಿರಲಿ, ಇಲ್ಲದಿದ್ದರೆ ಗೋಂದು ಸೂಜಿಗೆ ಮೆತ್ತಿ ದಾರ ಸಿಕ್ಕಿಕೊಳ್ಳುತ್ತದೆ. ಲೆದರ್‌ಗೆ ಗುಂಡುಪಿನ್ ಚುಚ್ಚಬೇಡಿ, ಅದೂ ಶಾಶ್ವತ ತೂತೇ. ಟೇಪ್ ಹಚ್ಚಿದ ಮೇಲೆ ಒಂದು ಸಲ ಜಾಕೆಟ್ ಹಾಕಿ ಕನ್ನಡಿ ನೋಡಿ. ಪ್ಯಾಚ್ ನೆಟ್ಟಗಿದೆಯೇ ಎಂದು ನೋಡಲು ನೆಲಕ್ಕೆ ಹೋಲಿಸಿ, ಜೇಬಿನ ಗೆರೆಗೆ ಹೋಲಿಸಬೇಡಿ. ಜೇಬುಗಳು ಓರೆಯಾಗಿರುತ್ತವೆ.

ಹಂತ 6: ಕೈಹೊಲಿಗೆ

ದಾರ 50 ಸೆಂಟಿಮೀಟರ್‌ಗಿಂತ ಉದ್ದ ಬೇಡ. ಉದ್ದವಾದಷ್ಟೂ ತಿರುಚಿ ಗಂಟಾಗುತ್ತದೆ, ಪ್ರತಿ ತೂತಿನಲ್ಲೂ ಉಜ್ಜಿ ಸವೆಯುತ್ತದೆ. ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಳ್ಳಿ.

ಮೊದಲ ಗಂಟು ಪ್ಯಾಚ್‌ನ ಅಡಿಯಲ್ಲಿ ಅಡಗಲಿ. ಸುತ್ತು ಶುರುಮಾಡುವ ಮೊದಲು ಗಡಿಯಾರದ 12, 6, 3, 9ರ ಜಾಗದಲ್ಲಿ ಎರಡೆರಡು ಬಿಡಿ ಹೊಲಿಗೆ ಹಾಕಿ. ಈ ನಾಲ್ಕು ಇಲ್ಲದೆ ಒಂದೇ ಕಡೆಯಿಂದ ಹೊಲಿದುಕೊಂಡು ಹೋದರೆ ಪ್ಯಾಚ್ ಕೂದಲೆಳೆಯಷ್ಟು ಸರಿಯುತ್ತಾ ಸರಿಯುತ್ತಾ ಕೊನೆಯಲ್ಲಿ ಒಂದು ಬದಿ ಉಬ್ಬಿ ನಿಲ್ಲುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ.

ಬಟ್ಟೆಗೆ ಹಿಂಚುಚ್ಚು ಹೊಲಿಗೆ ಸಾಕು: ಒಂದು ಹೊಲಿಗೆ ಮುಂದೆ ಹೋಗಿ ಮೇಲೆ ಬಂದ ಸೂಜಿ ಹಿಂದಿನ ಹೊಲಿಗೆಯ ಕೊನೆಗೆ ಮರಳಿ ಇಳಿಯುತ್ತದೆ. ಒಂದು ಕಡೆ ದಾರ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಸೂಜಿ ಮೆರೋ ಅಂಚಿನ ಒಳತಗ್ಗಿನಲ್ಲೇ ಇಳಿಯಲಿ. ಹೊಲಿಗೆ 3 ಮಿಲಿಮೀಟರ್. 75 ಮಿಲಿಮೀಟರ್‌ನ ಗುಂಡು ಪ್ಯಾಚ್‌ಗೆ ಸುಮಾರು ಒಂದು ಮೀಟರ್ ದಾರ ಬೇಕಾಗುತ್ತದೆ, ಅಂದರೆ 50 ಸೆಂಟಿಮೀಟರ್‌ನ ಎರಡು ತುಂಡು, ಗಂಟಿಗೆಂದು ಇನ್ನೊಂದು.

ಲೆದರ್‌ಗೆ ಹೊಲಿಗೆ 3.5ರಿಂದ 4 ಮಿಲಿಮೀಟರ್, ಇಂಚಿಗೆ ಆರು-ಏಳು. ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಎಂಬ ನಂಬಿಕೆ ಇಲ್ಲಿ ತಿರುಗುಬಾಣ. ತೂತುಗಳ ನಡುವೆ ಚರ್ಮವೇ ಉಳಿಯದೆ ಅಂಚೆಚೀಟಿಯ ಹಾಳೆಯಂತಾಗುತ್ತದೆ, ಎಳೆದರೆ ಆ ಗೆರೆಯಲ್ಲೇ ಹರಿಯುತ್ತದೆ. ಸೂಜಿ ಎದುರುಬದಿಯಿಂದ ಇಣುಕಿದ ಮೇಲೆ ಇಕ್ಕಳದಿಂದ ನೇರವಾಗಿ ಎಳೆಯಿರಿ. ಓರೆ ಎಳೆದರೆ ತೂತು ಸೀಳಾಗುತ್ತದೆ. ದಾರ ಬಿಗಿಯುವಾಗ ಪ್ಯಾಚ್ ಚರ್ಮಕ್ಕೆ ಮುಟ್ಟಿ ಕೂತರೆ ಸಾಕು. ಚರ್ಮದಲ್ಲಿ ಗುಳಿ ಬೀಳುವಷ್ಟು ಬಿಗಿಯಬೇಡಿ.

ಮುಗಿಸುವಾಗ ಶುರುಮಾಡಿದ ಜಾಗವನ್ನು ದಾಟಿ ನಾಲ್ಕು ಹೊಲಿಗೆ ಮುಂದೆ ಹೋಗಿ, ದಾರವನ್ನು ಒಳಬದಿಗೆ ತಂದು ಮೂರು ಗಂಟು ಹಾಕಿ, 5 ಮಿಲಿಮೀಟರ್ ಬಿಟ್ಟು ಕತ್ತರಿಸಿ.

ಹಂತ 7: ಮೆಷಿನ್‌ನಲ್ಲಾದರೆ

ಎದೆ ಮತ್ತು ಬೆನ್ನಿಗೆ ಮನೆಯ ಮೆಷಿನ್ ನಡೆಯುತ್ತದೆ. ತೋಳಿನ ಕೊಳವೆ ಮಾಮೂಲಿ ಮೆಷಿನ್‌ನಲ್ಲಿ ಹಿಡಿಯುವುದಿಲ್ಲ. ಅದನ್ನು ಬ್ಯಾಗ್, ಶೂ ರಿಪೇರಿ ಮಾಡುವವರಿಗೆ ಕೊಡಿ. ಅವರಲ್ಲಿ ಉದ್ದ ಮೂತಿಯ ಮೆಷಿನ್ ಇರುತ್ತದೆ, ತೋಳನ್ನು ಆ ಮೂತಿಗೆ ತೊಡಿಸಿ ಹೊಲಿಯುತ್ತಾರೆ. ಕೊಡುವಾಗ ‘ಅಸ್ತರಿ ಸೇರಿಸಬೇಡಿ, ಹೊಲಿಗೆ ದೊಡ್ಡದಿರಲಿ, ಲೆದರ್ ಸೂಜಿ ಹಾಕಿ’ ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಕೊಟ್ಟರೆ ಎಲ್ಲ ಪದರ ಸೇರಿಸಿ ಒಂದೇ ಏಟಿಗೆ ಹೊಲಿದು ಕೊಡುವುದೇ ಹೆಚ್ಚು.

ನೀವೇ ಹೊಲಿಯುವುದಾದರೆ ಮೇಲಿನ ದಾರ ಪ್ಯಾಚ್‌ನ ಅಂಚಿನ ಬಣ್ಣ, ಬಾಬಿನ್ ದಾರ ಜಾಕೆಟ್‌ನ ಬಣ್ಣ. ಹೊಲಿಗೆಯ ಉದ್ದ ಬಟ್ಟೆಗೆ 3, ಲೆದರ್‌ಗೆ 3.5ಕ್ಕಿಂತ ಕಡಿಮೆ ಬೇಡ. ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್‌ನ ಲೋಹದ ಪಾದ ಲೆದರ್ ಮೇಲೆ ಅಂಟಿಕೊಂಡು ಮುಂದೆ ಹೋಗದೆ ನಿಂತಲ್ಲೇ ಚುಚ್ಚುತ್ತದೆ. ಟೆಫ್ಲಾನ್ ಪಾದ ಹಾಕಿ, ಇಲ್ಲವಾದರೆ ಪಾದದ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಕೆಳಬದಿಯ ನೇರ ಅಂಚಿನ ಮಧ್ಯದಿಂದ ಶುರುಮಾಡಿ, ಮೂಲೆಯಿಂದ ಬೇಡ. ಮೂಲೆ ಬಂದಾಗ ಸೂಜಿ ಕೆಳಗಿಟ್ಟು, ಪಾದ ಎತ್ತಿ, ಜಾಕೆಟ್ ತಿರುಗಿಸಿ, ಪಾದ ಇಳಿಸಿ. ದಪ್ಪ ಅಂಚಿನಲ್ಲಿ ಮೋಟಾರ್ ಬಿಟ್ಟು ಪಕ್ಕದ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಕೊನೆಗೆ ಹಿಂದೆಮುಂದೆ ಹೊಲಿದು ಗಟ್ಟಿಮಾಡುವ ಅಭ್ಯಾಸ ಲೆದರ್‌ನಲ್ಲಿ ಬಿಡಿ. ಒಂದೇ ಜಾಗದಲ್ಲಿ ಹತ್ತು ತೂತು ಬಿದ್ದು ಚರ್ಮ ಕಿತ್ತುಬರುತ್ತದೆ. ದಾರದ ತುದಿಗಳನ್ನು ಒಳಗೆ ಎಳೆದು ಕೈಯಲ್ಲೇ ಗಂಟು ಹಾಕಿ.

ಹಂತ 8: ತೂತು ಮುಚ್ಚಿ, ಅಸ್ತರಿ ಮುಚ್ಚಿ

ಟೆಕ್ಸ್‌ಟೈಲ್ ಹೊರಬಟ್ಟೆಯ ಒಳಮೈಗೆ ನೀರು ತಡೆಯುವ ಲೇಪ ಇದ್ದರೆ ಹೊಲಿಗೆಯ ಗೆರೆಯುದ್ದಕ್ಕೂ ಪಾಲಿಯುರೆಥೇನ್ ಸೀಮ್ ಸೀಲರ್ ಹಚ್ಚಿ. ಟೆಂಟ್, ರೇನ್‌ಕೋಟ್ ಹೊಲಿಗೆಗೆ ಬಳಸುವ ದ್ರವ ರಬ್ಬರಿನಂಥ ಪದಾರ್ಥ ಇದು. ಸಣ್ಣ ಬ್ರಷ್‌ನಿಂದ ತೆಳ್ಳಗೆ ಎರಡು ಸಲ, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಪೂರ್ತಿ ಒಣಗಲು ಬಿಡಿ, ಅವಸರಪಟ್ಟರೆ ಅಸ್ತರಿ ಅದಕ್ಕೇ ಅಂಟುತ್ತದೆ. ಆಮೇಲೆ ಅಸ್ತರಿ ಹೊಲಿದು, ಗಾರ್ಡ್‌ಗಳನ್ನು ವಾಪಸ್ ಹಾಕಿ, ಎಡಬಲ ಅದಲುಬದಲಾಗಿಲ್ಲ ಎಂದು ನೋಡಿ.

ಇಸ್ತ್ರಿ ಯಾವಾಗ ಸರಿ, ವೆಲ್ಕ್ರೋ ಯಾವಾಗ ಸರಿ

ಇಸ್ತ್ರಿ ಪ್ಯಾಚ್ ಹತ್ತಿ ಮತ್ತು ಡೆನಿಮ್‌ಗೆ ಮಾತ್ರ. ಹಬೆ ಆರಿಸಿ, ಪ್ಯಾಚ್ ಮೇಲೆ ತೆಳು ಹತ್ತಿಬಟ್ಟೆ ಹಾಸಿ, 15ರಿಂದ 20 ಸೆಕೆಂಡ್ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಒತ್ತಿ. ಬಟ್ಟೆ ತಿರುಗಿಸಿ ಹಿಂಬದಿಯಿಂದ ಇನ್ನೊಮ್ಮೆ. ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಏಕೆಂದರೆ ಗೋಂದು ಹಿಡಿಯುವುದೇ ತಣಿಯುವಾಗ. ಇಷ್ಟಾದ ಮೇಲೂ ಸುತ್ತ ಹೊಲಿಗೆ ಬೇಕು. ಬಿಸಿಗೆ ಕರಗಿ ಅಂಟಿದ ಗೋಂದು ಬಿಸಿಗೇ ಮೆತ್ತಗಾಗುತ್ತದೆ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಸೀಟಿನ ಮೇಲೆ ಬಿಟ್ಟುಹೋದ ಜಾಕೆಟ್‌ನ ಪ್ಯಾಚ್ ಮೂಲೆಯಿಂದ ಏಳುವುದು ಇದೇ ಕಾರಣಕ್ಕೆ.

ಲೆದರ್ ಇಸ್ತ್ರಿಯ ಬಿಸಿಗೆ ಮುದುಡಿ ಗಡುಸಾಗುತ್ತದೆ. ಮೆಶ್‌ನ ಪಾಲಿಯೆಸ್ಟರ್ ಪೂರ್ತಿ ಕರಗಲು 250 ಡಿಗ್ರಿ ದಾಟಬೇಕು ನಿಜ, ಆದರೆ ಅದಕ್ಕಿಂತ ಬಹಳ ಮೊದಲೇ ಸುಕ್ಕಿ ಆಕಾರ ಕಳೆದುಕೊಳ್ಳುತ್ತದೆ.

ಲ್ಯಾಮಿನೇಟ್ ಜಾಕೆಟ್ ಇರುವವರಿಗೆ ಮತ್ತು ಪ್ಯಾಚ್ ಆಗಾಗ ಬದಲಿಸುವವರಿಗೆ ವೆಲ್ಕ್ರೋ ಒಳ್ಳೆಯದು. ಜಾಕೆಟ್ ಮೇಲೆ ಮೃದುವಾದ ಬದಿ, ಪ್ಯಾಚ್ ಹಿಂದೆ ಮುಳ್ಳಿನ ಬದಿ. ತಿರುಗಿಸಿ ಹಾಕಿದರೆ ಪ್ಯಾಚ್ ಇಲ್ಲದ ದಿನ ಮುಳ್ಳುಗಳು ಗ್ಲೌಸ್‌ಗೂ ಬ್ಯಾಗಿನ ಪಟ್ಟಿಗೂ ಕಚ್ಚುತ್ತವೆ. ಲ್ಯಾಮಿನೇಟ್‌ಗೆ ಮೃದು ಬದಿಯನ್ನು ಹೊಲಿಯದೆ ಬಟ್ಟೆಗೆ ಅಂಟುವ ಬಾಗುವ ಗೋಂದಿನಿಂದ ಕೂರಿಸಿ, ಮೊದಲು ಒಳಜೇಬಿನ ಮರೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ.

ಲೋಹದ ಬ್ಯಾಡ್ಜ್, ಪಿನ್‌ಗಳನ್ನು ಓಡಿಸುವ ಜಾಕೆಟ್‌ಗೆ ಚುಚ್ಚಲೇಬೇಡಿ. ಬಿದ್ದಾಗ ಅದು ಮೊದಲು ನಾಟುವುದು ನಿಮಗೇ.

ಏನನ್ನು ಹಚ್ಚಬಾರದು

ರಾಷ್ಟ್ರಧ್ವಜದ ಪ್ಯಾಚ್ ಕೇಳುವವರು ಬಹಳ. 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಂತೆ ಧ್ವಜವನ್ನು ಸೊಂಟದಿಂದ ಕೆಳಗೆ ಧರಿಸುವ ಉಡುಪಿನಲ್ಲಿ ಬಳಸುವಂತಿಲ್ಲ, ಉಡುಪಿನ ಬಟ್ಟೆಯ ಮೇಲೆ ನೇರವಾಗಿ ಕಸೂತಿ ಹಾಕುವಂತಿಲ್ಲ, ಅಚ್ಚು ಹಾಕುವಂತಿಲ್ಲ. ಹಾಗಾಗಿ ಪ್ಯಾಂಟು, ಸೊಂಟದ ಚೀಲಕ್ಕೆ ಬೇಡ. ಎದೆ ಅಥವಾ ತೋಳಿನ ಮೇಲ್ಭಾಗದಲ್ಲಿ, ಕೇಸರಿ ಮೇಲಿರುವಂತೆ, ಉದ್ದ-ಅಗಲ 3:2 ಇರುವ ಪ್ಯಾಚ್ ಇರಲಿ. ಮಾಸಿದರೆ, ಹರಿದರೆ ತಕ್ಷಣ ತೆಗೆಯಿರಿ.

ಸೇನೆಯ ರೆಜಿಮೆಂಟ್ ಚಿಹ್ನೆ, ಪ್ಯಾರಾಟ್ರೂಪರ್ ರೆಕ್ಕೆ ಇವು ಸಂಪಾದಿಸಿದವರಿಗೆ ಸೇರಿದ್ದು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಧರಿಸುವುದು ಅಪರಾಧವೂ ಹೌದು.

ಅಮೆರಿಕ, ಯುರೋಪ್, ಆಸ್ಟ್ರೇಲಿಯಾದಲ್ಲಿ ಬೈಕ್ ಓಡಿಸುವ ಕನ್ನಡಿಗರು ಬೆನ್ನಿನ ಪ್ಯಾಚ್ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಮೇಲೊಂದು ಕಮಾನು, ನಡುವೆ ಲಾಂಛನ, ಕೆಳಗೆ ಊರಿನ ಹೆಸರಿನ ಇನ್ನೊಂದು ಕಮಾನು, ಹೀಗೆ ಮೂರು ತುಂಡಿನ ಜೋಡಣೆ ಅಲ್ಲಿ ಅಲಂಕಾರವೆನಿಸುವುದಿಲ್ಲ. ಅದು ಕಟ್ಟುನಿಟ್ಟಿನ ಮೋಟಾರ್‌ಸೈಕಲ್ ಕ್ಲಬ್ಬುಗಳ ಸದಸ್ಯತ್ವದ ಗುರುತು, ಕೆಳಗಿನ ಕಮಾನು ಆ ಪ್ರದೇಶ ತಮ್ಮದೆಂಬ ಘೋಷಣೆ. ವಜ್ರಾಕೃತಿಯೊಳಗೆ ‘1%’ ಎಂದಿರುವ ಪ್ಯಾಚ್ ತಾವು ಕಾನೂನಿಗೆ ಹೊರತು ಎನ್ನುವ ಕ್ಲಬ್ಬುಗಳದ್ದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹಚ್ಚಿಕೊಂಡು ಅಲ್ಲಿ ಪೆಟ್ರೋಲ್ ಹಾಕಿಸಲು ನಿಂತರೆ ಜಗಳ ಹುಡುಕಿಕೊಂಡು ಬರಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಂತೂ ನಿಷೇಧಿತ ಕ್ಲಬ್ಬುಗಳ ಗುರುತನ್ನು ಸಾರ್ವಜನಿಕವಾಗಿ ಧರಿಸುವುದೇ ಅಪರಾಧ. ನಿಮ್ಮ ರೈಡಿಂಗ್ ಗುಂಪಿನ ಲಾಂಛನವನ್ನು ಒಂದೇ ತುಂಡಿನ ಪ್ಯಾಚ್ ಆಗಿ ಮಾಡಿಸಿ.

ಒಗೆಯುವುದು, ಮಳೆಗಾಲ ದಾಟಿಸುವುದು

ಟೆಕ್ಸ್‌ಟೈಲ್ ಮತ್ತು ಡೆನಿಮ್ ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ. ಪ್ಯಾಚ್ ಮೇಲಿನ ಕೊಳೆಗೆ ಹಳೆಯ ಮೆದು ಟೂತ್‌ಬ್ರಷ್, ಕಸೂತಿಯ ಎಳೆ ಹೋದ ದಿಕ್ಕಿನಲ್ಲೇ. ಬ್ಲೀಚ್ ಬೇಡ, ಹಿಂಡುವುದು ಬೇಡ, ನೆರಳಿನಲ್ಲಿ ಒಣಗಿಸಿ.

ಲೆದರ್‌ಗೆ ಮಲೆನಾಡು, ಕರಾವಳಿಯಲ್ಲಿ ಬೂಷ್ಟಿನ ಕಾಟ. ಪ್ಯಾಚ್‌ನ ಕಸೂತಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಅಡಿಯ ಚರ್ಮ ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ, ಬೂಷ್ಟು ಮೊದಲು ಹಿಡಿಯುವುದೂ ಅಲ್ಲೇ. ನೆನೆದು ಬಂದ ದಿನ ಪ್ಯಾಚನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಅಗಲ ಭುಜದ ಹ್ಯಾಂಗರ್‌ಗೆ ಹಾಕಿ ರಾತ್ರಿಯಿಡೀ ಫ್ಯಾನಿನಡಿ ಬಿಡಿ. ಒಲೆಯ ಹತ್ತಿರ, ಸೈಲೆನ್ಸರ್ ಹತ್ತಿರ ಬೇಡ. ಲೆದರ್ ಕ್ರೀಮ್ ಹಚ್ಚುವಾಗ ಪ್ಯಾಚ್‌ಗೆ ತಾಗದಂತೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿಕೊಳ್ಳಿ. ಕಸೂತಿಗೆ ಕ್ರೀಮ್ ಹತ್ತಿದರೆ ಧೂಳು ಮೆತ್ತಿ ಕಪ್ಪಾಗುತ್ತದೆ.

ತೆಗೆಯಬೇಕಾದಾಗ

ಒಳಬದಿಯಿಂದ ನಾಲ್ಕು ಹೊಲಿಗೆಗೊಂದನ್ನು ಕತ್ತರಿಸಿ, ಆಮೇಲೆ ಮುಂಬದಿಯ ದಾರವನ್ನು ಎಳೆಯಿರಿ. ಪ್ಯಾಚನ್ನೇ ಹಿಡಿದು ಕೀಳಬೇಡಿ. ಇಸ್ತ್ರಿ ಗೋಂದಿನ ಡೆನಿಮ್ ಪ್ಯಾಚ್ ಆದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟರೆ ಗೋಂದು ಪೆಡಸಾಗಿ ಸಿಡಿಯುತ್ತದೆ. ಬಟ್ಟೆಯ ತೂತುಗಳು ಒಂದೆರಡು ಒಗೆತದಲ್ಲಿ ಮುಚ್ಚಿಕೊಳ್ಳುತ್ತವೆ. ಲೆದರ್‌ನವು ಹಾಗೇ ಉಳಿಯುತ್ತವೆ. ಹಳೆಯದಕ್ಕಿಂತ ಎಲ್ಲ ಬದಿಗೂ 6 ಮಿಲಿಮೀಟರ್ ದೊಡ್ಡದಾದ ಪ್ಯಾಚನ್ನು ಅದರ ಮೇಲೆ ಕೂರಿಸಿ. ಹೊಸ ಹೊಲಿಗೆ ಹಳೆಯ ತೂತಿನ ಸಾಲಿಗೆ ಬೀಳದೆ ಗಟ್ಟಿ ಚರ್ಮಕ್ಕೆ ಬೀಳಬೇಕು, ಆ 6 ಮಿಲಿಮೀಟರ್ ಅದಕ್ಕಾಗಿ.